ಏರುಮಡಿ ಏರಿದ್ದು ಎಲ್ಲಿ, ಯಾಕೆ

ಶಿವರಾತ್ರಿ ಕಳೀತು, ನಮ್ಮ ಬಾವಿ ನೀರು ಆಗಲೇ ಎರಡು ರಿಂಗ್ ಕೆಳಗೆ ಇಳಿದಿದೆ. ಈ ಸಲದ ಬರಹ ಸ್ವಲ್ಪ ಉದ್ದ ಆಗುತ್ತೆ. ಬಿಡುವಿದ್ದಾಗ ಓದಿ.

ಹೋದ ಭಾನುವಾರ ಊರಿನ ಸ್ವಸಹಾಯ ಸಂಘದ ನಾಲ್ಕು ಜನ ಹೆಂಗಸರು ಮನೆಗೆ ಬಂದಿದ್ರು. ಪೇಟೆಯಿಂದ ರೆಡಿಮೇಡ್ ತರಕಾರಿ ಮಡಿ ತರಿಸ್ತಾರಂತೆ. ಕಟ್ಟು, ಮಣ್ಣು, ಗೊಬ್ಬರ, ಬೀಜ ಎಲ್ಲ ಸೇರಿದ ಕಿಟ್ಟು. ಮನೆಗೆ ಎರಡರ ಹಾಗೆ, ಸಂಘದಿಂದ ಸಾಲ ಎತ್ತಿ. "ಅಣ್ಣಾ, ನೀವು ಮಾಡ್ಸಿದ್ರಲ್ಲ, ಫೋಟೋ ನೋಡಿದ್ವಿ, ಹರಿವೆ ಏನು ಬಂದಿತ್ತು! ಅದಕ್ಕೇ ಧೈರ್ಯ ಮಾಡಿದ್ವಿ" ಅಂದ್ರು.

ನನಗೆ ಕೂತಲ್ಲೇ ಮೈ ಬೆವರಿತು. ಯಾಕೆ ಅಂದ್ರೆ ಆ ಫೋಟೋ ಆಗಸ್ಟ್ ತಿಂಗಳದ್ದು. ಮಾರ್ಚ್ ತಿಂಗಳ ಫೋಟೋ ನಾನು ಹಾಕಲೇ ಇಲ್ಲ.

ಆಗಿದ್ದು ಇಷ್ಟು. ಎರಡು ವರ್ಷದ ಹಿಂದೆ ಮೊಬೈಲಲ್ಲಿ ವಿಡಿಯೋ ನೋಡಿ, ಹಿತ್ತಲಲ್ಲಿ ಸಿಮೆಂಟ್ ಬ್ಲಾಕ್ ಇಟ್ಟು ನಾಲ್ಕು ಏರುಮಡಿ ಕಟ್ಟಿದೆ. ಒಂದೊಂದು 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರ. ಒಂದು ಮಡಿಗೆ 72 ಬ್ಲಾಕ್, ನಾಲ್ಕಕ್ಕೆ 288. ಮಣ್ಣು ಒಂದು ಮಡಿಗೆ 96 ಘನ ಅಡಿ, ಅಂದ್ರೆ ಹೆಚ್ಚುಕಮ್ಮಿ ಟ್ರ್ಯಾಕ್ಟರಿನ ಒಂದು ಲೋಡು. ಮಳೆಗಾಲದಲ್ಲಿ ಎಲ್ಲರ ಮನೆ ಬದನೆ ಬುಡ ಕೊಳೆತಾಗ ನಮ್ಮದು ನಿಂತಿತ್ತು. ಫೋಟೋ ತೆಗೆದು ಹಾಕಿದೆ, ನೀವೆಲ್ಲ ಮೆಚ್ಚಿದಿರಿ. ಫೆಬ್ರವರಿ ಬರ್ತಿದ್ದಂಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಮಾಯ. ಬ್ಲಾಕಿನ ಗೋಡೆ ಮುಟ್ಟಿದ್ರೆ ಕೈ ಸುಡ್ತಿತ್ತು. ಅಂಚಿನ ಗಿಡ ಮೊದಲು ಹೋಯ್ತು, ಆಮೇಲೆ ನಡುವಿನದು. ನಮ್ಮ ಅವ್ವ ಕಟ್ಟೆ ಮೇಲೆ ಕೂತು ನೋಡ್ತಿದ್ದವಳು ಒಂದೇ ಮಾತು ಅಂದ್ಲು: "ಬ್ಯಾಸಿಗೀಲಿ ಗಿಡನ ಎತ್ತಿಡ್ತಾರೇನೋ ಮಾರಾಯ, ಇಳಿಸಿ ಇಡ್ತಾರೆ."

ಆ ಮಾತು ಆವಾಗ ತಲೆಗೆ ಹೋಗಲಿಲ್ಲ. ಈ ಏರುಮಡಿ ಅನ್ನೋದು ಎಲ್ಲಿಂದ ಬಂತು, ಯಾರು ಯಾಕೆ ಎತ್ತಿದ್ರು ಅಂತ ಹುಡುಕೋಕೆ ಶುರು ಮಾಡಿದ ಮೇಲೆ ಅರ್ಥ ಆಯ್ತು. ಇಂಗ್ಲಿಷಲ್ಲಿ ಇದ್ದದ್ದನ್ನ ಮಗಳು ಓದಿ ಹೇಳಿದ್ಲು. ಸಂಘದವರಿಗೆ ಅವತ್ತು ಅರ್ಧ ಹೇಳಿದೆ, ಉಳಿದದ್ದು ಇಲ್ಲಿ ಬರೀತಿದ್ದೀನಿ.

ಮೊದಲು ಮೆಕ್ಸಿಕೋ ದೇಶಕ್ಕೆ ಹೋಗಬೇಕು. ಈಗ ಮೆಕ್ಸಿಕೋ ಸಿಟಿ ಇರೋ ಜಾಗದಲ್ಲಿ ಆಗ ಸುತ್ತ ಬೆಟ್ಟ, ನಡುವೆ ದೊಡ್ಡ ದೊಡ್ಡ ಆಳವಿಲ್ಲದ ಕೆರೆಗಳು. ಅಜ್ಟೆಕ್ ಜನ 1325ರ ಸುಮಾರಿಗೆ ಆ ನೀರಿನ ನಡುವಿನ ನಡುಗಡ್ಡೆ ಮೇಲೆ ಟೆನೊಚ್ಟಿಟ್ಲಾನ್ ಅನ್ನೋ ಪಟ್ಟಣ ಕಟ್ಟಿದ್ರು. ಲಕ್ಷಕ್ಕೂ ಹೆಚ್ಚು ಜನ ಇದ್ರು ಅಂತ ಬಹಳ ಇತಿಹಾಸಕಾರರ ಅಂದಾಜು. ಇಷ್ಟು ಜನಕ್ಕೆ ಊಟ ಎಲ್ಲಿಂದ? ನೆಲವೇ ಇಲ್ಲ, ಇರೋದೆಲ್ಲ ಜವುಗು. ಅದಕ್ಕೆ ಕೆರೆಯ ದಕ್ಷಿಣದ ಕಡೆ, ಸೊಚಿಮಿಲ್ಕೊ ಅನ್ನೋ ಕಡೆಯಲ್ಲಿ, ಕೆರೆಯ ಒಳಗೇ ಮಡಿ ಎತ್ತಿದ್ರು. ಅದಕ್ಕೆ ಚಿನಾಂಪಾ ಅಂತ ಹೆಸರು. ಅಜ್ಟೆಕರಿಗಿಂತ ಮೊದಲೇ ಅಲ್ಲಿನ ಜನಕ್ಕೆ ಈ ವಿದ್ಯೆ ಗೊತ್ತಿತ್ತು, ಇವರ ಕಾಲದಲ್ಲಿ ದೊಡ್ಡದಾಗಿ ಬೆಳೀತು.

ಮಾಡ್ತಿದ್ದ ರೀತಿ ಕೇಳಿ. ಜವುಗಿನಲ್ಲಿ ಉದ್ದಕ್ಕೆ ಕಾಲುವೆ ತೋಡೋದು, ಆ ಕೆಸರು ಮತ್ತೆ ನೀರಿನ ಕಳೆ ಜೊಂಡು ಒಂದರ ಮೇಲೊಂದು ಪದರ ಹಾಕೋದು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಬರೋ ತನಕ. ಉದ್ದ ಎಷ್ಟಾದ್ರೂ ಇರಲಿ, ಅಗಲ ಮಾತ್ರ ಕಡಿಮೆ. ಯಾಕೆ ಕಡಿಮೆ ಅಂದ್ರೆ, ಎರಡು ಕಡೆ ಕಾಲುವೆಯಿಂದ ನೀರು ಮಣ್ಣಿನ ಒಳಗೆ ತಾನಾಗಿ ಏರಬೇಕು, ದೀಪದ ಬತ್ತಿ ಎಣ್ಣೆ ಎಳೆಯೋ ಹಾಗೆ. ಅಗಲ ಜಾಸ್ತಿ ಆದ್ರೆ ನಡುವಿನ ಗಿಡಕ್ಕೆ ಆ ತೇವ ಮುಟ್ಟಲ್ಲ. ಮಡಿ ಅಂಚು ಕುಸೀಬಾರದು ಅಂತ ವಿಲ್ಲೋ ಜಾತಿಯ ಒಂದು ಮರ ನೆಡ್ತಿದ್ರು, ಅವೆಹೋತೆ ಅಂತ ಅದರ ಹೆಸರು. ನೆಟ್ಟಗೆ ಬೆಳೆಯೋ ಮರ, ನೆರಳು ಕಡಿಮೆ, ಬೇರು ಅಂಚನ್ನ ಹಿಡ್ಕೊಳ್ಳುತ್ತೆ. ಬ್ಲಾಕೂ ಬೇಡ, ಹಲಗೆನೂ ಬೇಡ. ನಾವು ಹಳ್ಳದ ದಂಡೆಗೆ ಲಕ್ಕಿ ನೆಡೋದು ಇದೇ ಲೆಕ್ಕ ಅಲ್ವಾ.

ಜನ ಇದನ್ನ ತೇಲೋ ತೋಟ ಅಂತ ಕರೀತಾರೆ. ತೇಲೋದೇನಿಲ್ಲ, ಕೆರೆಯ ತಳಕ್ಕೆ ಕೂತಿರುತ್ತೆ.

ನನಗೆ ಬಹಳ ಹಿಡಿಸಿದ್ದು ಅವರ ಸಸಿಮಡಿ. ಕಾಲುವೆಯ ತಳದ ಕೆಸರು ಎತ್ತಿ ಮಡಿಯ ಒಂದು ಮೂಲೆಯಲ್ಲಿ ಹರವಿ, ಅರೆ ಒಣಗಿದ ಮೇಲೆ ಚಾಕುವಿನಲ್ಲಿ ಸಣ್ಣ ಸಣ್ಣ ಚೌಕ ಕೊಯ್ಯೋದು, ನಮ್ಮ ಕೊಬ್ಬರಿ ಮಿಠಾಯಿ ಕೊಯ್ದ ಹಾಗೆ. ಒಂದೊಂದು ಚೌಕಕ್ಕೆ ಒಂದು ಕುಳಿ, ಒಂದು ಬೀಜ. ಸಸಿ ಎದ್ದ ಮೇಲೆ ಆ ಚೌಕವನ್ನೇ ಎತ್ತಿ ನೆಡೋದು, ಬೇರಿಗೆ ಪೆಟ್ಟಿಲ್ಲ. ನಾವು ನರ್ಸರಿಯಿಂದ ಪ್ರೋಟ್ರೇ ಸಸಿ ತಂದು ಹೊಸ ವಿದ್ಯೆ ಅಂತ ಬೀಗ್ತೀವಲ್ಲ, ಅದು ಇದೇ, ಪ್ಲಾಸ್ಟಿಕ್ ಒಂದು ಜಾಸ್ತಿ. ಸೊಚಿಮಿಲ್ಕೊದಲ್ಲಿ ಈಗಲೂ ಕೆಲವರು ಹೀಗೇ ಸಸಿ ಮಾಡ್ತಾರೆ. ಮತ್ತೊಂದು ಮಾತು. ಆ ಮಡಿಗಳ ಮೇಲೆ ಬೆಳೀತಿದ್ದದ್ದು ಜೋಳ ಅಂದ್ರೆ ನಮ್ಮ ಗೋವಿನಜೋಳ, ಬೀನ್ಸು, ಕುಂಬಳ, ಟೊಮೆಟೊ, ಮೆಣಸಿನಕಾಯಿ, ಹರಿವೆಯ ಕುಲದ ರಾಜಗಿರಿ. ನಮ್ಮ ಸಾರಿಗೆ ಬೀಳೋ ಮೆಣಸಿನಕಾಯಿಯ ಮೂಲ ಊರು ಆ ಕಡೆಯದ್ದೇ. ಪೋರ್ಚುಗೀಸರು ತರೋ ತನಕ ನಮ್ಮ ಅಜ್ಜಂದಿರಿಗೆ ಖಾರ ಅಂದ್ರೆ ಹೆಚ್ಚಾಗಿ ಕರಿಮೆಣಸು.

ಅಲ್ಲಿನ ದೊಡ್ಡ ಕೆರೆ ಒಂದರ ನೀರು ಉಪ್ಪು. ಆ ಉಪ್ಪು ನೀರು ಮಡಿಗಳ ಕಡೆ ಬರಬಾರದು ಅಂತ 15ನೇ ಶತಮಾನದ ನಡುವಿನಲ್ಲಿ ನೆಸಾವಲ್ಕೊಯೋಟ್ಲ್ ಅನ್ನೋ ರಾಜ ಸುಮಾರು 16 ಕಿಲೋಮೀಟರ್ ಉದ್ದದ ಏರಿ ಕಟ್ಟಿಸಿದ. ಅಂದ್ರೆ ಗಿಡಕ್ಕಿಂತ ಮೊದಲು ನೀರನ್ನ ನೋಡ್ತಿದ್ರು.

1521ರಲ್ಲಿ ಸ್ಪೇನ್‌ನವರು ಪಟ್ಟಣ ಗೆದ್ರು. ಅವರಿಗೆ ಕೆರೆ ಅಂದ್ರೆ ಪ್ರವಾಹದ ತಲೆನೋವು ಅಷ್ಟೇ. 1607ರಿಂದ ಬೆಟ್ಟ ಕೊರೆದು ನೀರು ಹೊರಗೆ ಹರಿಸೋ ಕೆಲಸ ಶುರು ಮಾಡಿದ್ರು. ಅದು ಶತಮಾನಗಟ್ಟಲೆ ನಡೀತು. 20ನೇ ಶತಮಾನದ ಆರಂಭದಲ್ಲಿ ಸೊಚಿಮಿಲ್ಕೊದ ಊಟೆ ನೀರನ್ನೂ ಕೊಳವೆ ಹಾಕಿ ನಗರಕ್ಕೆ ಒಯ್ದರು. ಕಾಲುವೆ ಇಳೀತು. ಕಾಲುವೆ ಇಳಿದ ಮೇಲೆ ಅದೇ ಮಡಿ, ಅದೇ ಮಣ್ಣು, ಆದ್ರೆ ಬತ್ತಿಗೆ ಎಣ್ಣೆ ಇಲ್ಲ. ಆಮೇಲೆ ನಗರದ ಕೊಳಚೆ ನೀರನ್ನ ಶುದ್ಧ ಮಾಡಿ ಕಾಲುವೆಗೆ ಬಿಡೋ ಹಂಗಾಯ್ತು. 1987ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉಳಿದಿರೋ ಮಡಿಗಳಲ್ಲಿ ಬೇಸಾಯ ಮಾಡೋರು ಇನ್ನೂ ಇದ್ದಾರೆ.

ಇಲ್ಲಿ ನನ್ನ ತಪ್ಪು ಮೊದಲ ಸಲ ಕಣ್ಣಿಗೆ ಕಂಡಿತು. ನಾನು ಮಡಿ ಎತ್ತಿದೆ, ಪಕ್ಕದ ಕಾಲುವೆ ಎಲ್ಲಿ? ಕಾಲುವೆ ಇಲ್ಲದ ಚಿನಾಂಪಾ ಕಟ್ಟಿ ಕೂತಿದ್ದೆ.

ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ಹತ್ತಿರವೂ ಇಂಥದ್ದೇ ಹಳೇ ಏರುಮಡಿ ಇವೆ, ವಾರು ವಾರು ಅಂತಾರೆ. ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದ ಜಾಗ, ರಾತ್ರಿ ಹಿಮ ಬಿದ್ದು ಬೆಳೆ ಕರಟಿ ಹೋಗೋ ಕಡೆ. ಮಡಿ ನಡುವಿನ ಕಾಲುವೆ ನೀರು ಹಗಲಿನ ಬಿಸಿಲು ಕುಡಿದು ರಾತ್ರಿ ಬಿಸಿ ಬಿಡುತ್ತೆ, ಆಲೂಗಡ್ಡೆ ಉಳಿಯುತ್ತೆ. ಬಹಳ ಕಾಲ ಪಾಳು ಬಿದ್ದಿದ್ದನ್ನ 1980ರ ದಶಕದಲ್ಲಿ ಕ್ಲಾರ್ಕ್ ಎರಿಕ್ಸನ್ ಅನ್ನೋ ಪುರಾತತ್ವದವರು ಅಲ್ಲಿನ ಹಳ್ಳಿ ಜನರ ಜೊತೆ ಸೇರಿ ಮತ್ತೆ ಕಟ್ಟಿ ಬೆಳೆದು ತೋರಿಸಿದ್ರು. ಅಲ್ಲಿ ಎತ್ತಿದ್ದು ಜೌಗಿಗೆ, ಚಳಿಗೆ. ಇವೆರಡನ್ನೂ ನೆನಪಲ್ಲಿ ಇಡಿ.

ಈಗ ಪ್ಯಾರಿಸ್. ಅಲ್ಲಿ ತರಕಾರಿ ಬೆಳೆಯೋರಿಗೆ ಮರೆಷೆ ಅಂತಾರೆ. ಮರೆ ಅಂದ್ರೆ ಫ್ರೆಂಚಿನಲ್ಲಿ ಜವುಗು ನೆಲ, ಹೆಸರಲ್ಲೇ ನೀರಿದೆ ನೋಡಿ. 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ಓಡಾಟಕ್ಕೆಲ್ಲ ಕುದುರೆ, ಊರು ತುಂಬ ಲದ್ದಿ. ಈ ಮರೆಷೆಗಳು ಹಸಿ ಲದ್ದಿಯನ್ನ ತಂದು ಮಡಿಯಾಕಾರಕ್ಕೆ ಒಟ್ಟಿ ತುಳಿದು, ಅದರ ಮೇಲೆ ಕಳಿತ ಗೊಬ್ಬರದ ಒಂದು ಪದರ ಹಾಕ್ತಿದ್ರು. ಒಳಗೆ ಲದ್ದಿ ಕೊಳೀತಾ ಕಾವು ಕೊಡುತ್ತೆ. ಮೇಲೆ ಗಾಜಿನ ಚೌಕಟ್ಟು, ಇಲ್ಲ ಅಂದ್ರೆ ಗಂಟೆಯಾಕಾರದ ಗಾಜಿನ ಮುಚ್ಚಳ. ಹೊರಗೆ ಹಿಮ, ಒಳಗೆ ಜನವರಿಯಲ್ಲೂ ಸಲಾಡ್ ಸೊಪ್ಪು. 1845ರಲ್ಲಿ ಮೊರೊ ಮತ್ತು ದಾವೆರ್ನ್ ಅನ್ನೋ ಇಬ್ಬರು ಇದರ ಬಗ್ಗೆ ಒಂದು ಪುಸ್ತಕ ಬರೆದರು. ಇಬ್ಬರೂ ಸ್ವತಃ ತರಕಾರಿ ಬೆಳೆಗಾರರೇ, ಪಂಡಿತರಲ್ಲ. ತಿಂಗಳು ತಿಂಗಳಿಗೆ ಏನು ಮಾಡಬೇಕು ಅಂತ ಕೈ ಮಣ್ಣಾದವರೇ ಬರೆದದ್ದು.

ಕ್ರೊಪೊಟ್ಕಿನ್ ಅನ್ನೋ ರಷ್ಯಾದ ಚಿಂತಕ 19ನೇ ಶತಮಾನದ ಕೊನೆಗೆ ಈ ತೋಟಗಳ ಲೆಕ್ಕ ಬರೆದಿಟ್ಟಿದ್ದಾರೆ. ಪೋನ್ಸ್ ಅನ್ನೋ ಒಬ್ಬ ಬೆಳೆಗಾರ ಬರೀ 2.7 ಎಕರೆಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಮೀರಿ ಸಲಾಡ್ ಗಡ್ಡೆ, ಜೊತೆಗೆ ಕ್ಯಾರೆಟ್, ಈರುಳ್ಳಿ, ಎಲೆಕೋಸು ತೆಗೀತಿದ್ನಂತೆ. ಇದಕ್ಕಿಂತ ನನಗೆ ಆಶ್ಚರ್ಯ ಆಗಿದ್ದು ಬೇರೆ. ಗೇಣಿ ಜಾಗ ಬಿಟ್ಟು ಹೋಗುವಾಗ ಮೇಲಿನ ಮಣ್ಣನ್ನ ಇಂತಿಷ್ಟು ಆಳದ ತನಕ ತನ್ನ ಜೊತೆ ಒಯ್ಯಬಹುದು ಅಂತ ಬೆಳೆಗಾರ ಕರಾರಿನಲ್ಲೇ ಬರೆಸ್ತಿದ್ನಂತೆ. ಮಣ್ಣು ಅವನು ಮಾಡಿದ್ದು, ಜಾಗ ಯಜಮಾನನದ್ದು! ನಮ್ಮ ಕಡೆ ಗೇಣಿ ಬಿಟ್ಟವರ ಕಥೆ ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ. ಕೊಟ್ಟಿಗೆ ಗೊಬ್ಬರ ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡವರು ಎಷ್ಟು ಜನ ಬರೀ ಕೈಲಿ ಎದ್ದು ಹೋದ್ರು.

20ನೇ ಶತಮಾನದಲ್ಲಿ ಮೋಟಾರು ಬಂತು, ಕುದುರೆ ಹೋಯ್ತು, ಲದ್ದಿ ಹೋಯ್ತು. ನಗರ ಬೆಳೆದು ಜಾಗವೂ ಹೋಯ್ತು. ನಮ್ಮ ಕೊಟ್ಟಿಗೆಯಿಂದ ಎತ್ತು ಹೋದಾಗ ಗೊಬ್ಬರದ ಗುಂಡಿಗೆ ಆದ ಗತಿಯೇ.

ಈ ಪ್ಯಾರಿಸ್ ವಿದ್ಯೆ ಅಮೆರಿಕಕ್ಕೆ ದಾಟಿದ್ದು ಅಲನ್ ಚಾಡ್ವಿಕ್ ಅನ್ನೋ ಇಂಗ್ಲೆಂಡಿನವರಿಂದ. ಮೊದಲು ನಾಟಕದಲ್ಲಿ ಪಾತ್ರ ಮಾಡ್ತಿದ್ದವರು. 1967ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಗುಡ್ಡದ ಇಳಿಜಾರಿನ ಜಾಗದಲ್ಲಿ ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ತೋಟ ಮಾಡಿದ್ರು. ಅವರ ಮಡಿಗೆ ಕಟ್ಟು ಇರಲಿಲ್ಲ. ಗುದ್ದಲಿ ಅಗೆತ ಎರಡು ಪಟ್ಟು ಆಳ, ಗೊಬ್ಬರ ಸೇರಿಸೋದು, ಅಷ್ಟೇ. ಅಗೆದ ಮಣ್ಣು ಸಡಿಲ ಆಗಿ ಉಬ್ಬುತ್ತಲ್ಲ, ಇಡ್ಲಿ ಹಿಟ್ಟು ಹುಳಿ ಬಂದ ಹಾಗೆ, ಆ ಉಬ್ಬೇ ಏರುಮಡಿ. ಅವರ ದಾರಿ ಹಿಡಿದ ಜಾನ್ ಜೀವನ್ಸ್ 1974ರಲ್ಲಿ ಇದನ್ನ ಪುಸ್ತಕ ಮಾಡಿದ್ರು, ಅದು ಬಹಳ ದೇಶಗಳಿಗೆ ಹೋಯ್ತು. 1981ರಲ್ಲಿ ಮೆಲ್ ಬಾರ್ತಲೊಮ್ಯೂ ಅನ್ನೋ ನಿವೃತ್ತ ಎಂಜಿನಿಯರ್ ಮಡಿಯನ್ನ ಅಡಿ ಅಡಿ ಚೌಕಕ್ಕೆ ಭಾಗ ಮಾಡಿ ಬೆಳೆಯೋ ಪುಸ್ತಕ ಬರೆದರು, 4 ಅಡಿಗೆ 4 ಅಡಿ. ಆಮೇಲಿನ ಆವೃತ್ತಿಯಲ್ಲಿ ನೆಲದ ಮಣ್ಣನ್ನೇ ಬಿಟ್ಟು, ಹಲಗೆ ಪೆಟ್ಟಿಗೆ ಇಟ್ಟು, ಪೀಟ್, ವರ್ಮಿಕ್ಯುಲೈಟ್, ಕಾಂಪೋಸ್ಟ್ ಸಮಸಮ ತುಂಬಿ ಅಂದ್ರು. ಮನೆಯಂಗಳದಲ್ಲಿ ಬೆಳೆಯೋ ಪೇಟೆ ಜನಕ್ಕೆ ಅದು ಸುಲಭ ಆಯ್ತು.

ಅಲ್ಲಿಂದ ಪೆಟ್ಟಿಗೆ ನಮ್ಮ ಮೊಬೈಲಿಗೆ ಬಂತು. ಪೀಟ್ ಜಾಗಕ್ಕೆ ಕೋಕೋಪೀಟ್, ಹಲಗೆ ಜಾಗಕ್ಕೆ ಸಿಮೆಂಟ್ ಬ್ಲಾಕು. ಆ ಚಳಿ ದೇಶದವರು ಏರುಮಡಿಗೆ ಹೇಳೋ ದೊಡ್ಡ ಗುಣ ಯಾವುದು ಗೊತ್ತಾ? ನೀರು ಬೇಗ ಬಸಿಯುತ್ತೆ, ಚಳಿಗಾಲ ಮುಗೀತಿದ್ದಂಗೆ ಮಣ್ಣು ಬೇಗ ಬಿಸಿ ಆಗುತ್ತೆ. ಅವರಿಗೆ ಅದು ವರ. ಏಪ್ರಿಲ್ ತಿಂಗಳ ನಮ್ಮ ಹಿತ್ತಲಲ್ಲಿ ಮಣ್ಣು ಬೇಗ ಬಿಸಿ ಆಗಿ, ನೀರು ಬೇಗ ಬಸಿದ್ರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡೋದು ಬೇಡ.

ಹಾಗಾದ್ರೆ ಬಿಸಿಲ ನಾಡಿನವರು ಏನು ಮಾಡಿದ್ರು? ಅಮೆರಿಕದಲ್ಲೇ ನ್ಯೂ ಮೆಕ್ಸಿಕೋ ಅನ್ನೋ ಒಣ ಸೀಮೆಯಲ್ಲಿ ಜೂನಿ ಅನ್ನೋ ಮೂಲನಿವಾಸಿಗಳಿದ್ದಾರೆ. ಅವರ ಮನೆ ತರಕಾರಿ ಮಡಿ ನಮ್ಮದಕ್ಕೆ ತಿರುಗಾಮುರುಗಾ. ಸಣ್ಣ ಸಣ್ಣ ಚೌಕ, ಪ್ರತಿ ಚೌಕದ ಸುತ್ತ ಜೇಡಿಮಣ್ಣಿನ ಬದು, ಗಿಡ ತಗ್ಗಿನಲ್ಲಿ. ಮೇಲಿಂದ ನೋಡಿದ್ರೆ ಪಡ್ಡಿನ ಕಾವಲಿ ಹಾಗೆ. ಹೆಂಗಸರು ಕೊಡದಲ್ಲಿ ನೀರು ತಂದು ಒಂದೊಂದು ಚೌಕಕ್ಕೆ ಹೊಯ್ತಿದ್ರು. ಬಿದ್ದ ನೀರು ಅಲ್ಲೇ ಇಂಗಬೇಕು, ಬದು ಒಣಗಾಳಿ ತಡೀಬೇಕು. ಈ ಜೂನಿ ತೋಟದ ಚಿತ್ರ ಮಗಳು ತೋರಿಸಿದಾಗ ಅವ್ವನ ಕೈಗೆ ಮೊಬೈಲ್ ಕೊಟ್ಟೆ. "ಇದು ನಮ್ಮ ಪಾತಿ ಅಲ್ವೇನೋ" ಅಂದ್ಲು.

ಹೌದು, ನಮ್ಮ ಪಾತಿಯೇ. ನಮ್ಮದು ಎರಡೂ ಇರೋ ಸೀಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೊಚಿಮಿಲ್ಕೊ, ಫೆಬ್ರವರಿಯಿಂದ ಮೇ ತನಕ ಜೂನಿ. ಅದಕ್ಕೇ ಅವ್ವನ ಹಿತ್ತಲು ವರ್ಷಕ್ಕೆ ಎರಡು ಸಲ ಮಗ್ಗಲು ಬದಲಿಸ್ತಿತ್ತು. ರೋಹಿಣಿ ಮಳೆಗೆ ಮುಂಚೆ ಮಡಿ ಎತ್ತೋಳು, ಎರಡು ಮಡಿ ನಡುವೆ ಬಸಿಗಾಲುವೆ, ಅದು ಅಡಿಕೆ ತೋಟದ ಕಾಲುವೆಗೆ ಕೂಡ್ತಿತ್ತು. ಮೇಲೆ ಬೆಂಡೆ, ಬದನೆ, ಮೆಣಸು, ಹರಿವೆ. ದೀಪಾವಳಿ ಕಳೆದ ಮೇಲೆ ಅದೇ ಮಡಿಯ ಮೇಲ್ಮಣ್ಣನ್ನ ಅಂಚಿಗೆ ಎಳೆದು ಬದು ಮಾಡಿ, ನಡುವೆ ನಾಲ್ಕು ಬೆರಳು ತಗ್ಗು ಮಾಡಿ, ತರಗೆಲೆ ಹೊದಿಸೋಳು. ಪಾತ್ರೆ ತೊಳೆದ ನೀರು ಅಲ್ಲಿಗೆ. ಖರ್ಚು ಅಂದ್ರೆ ಗುದ್ದಲಿ ಹಿಡಿಯೋ ಎರಡು ದಿನ.

ಅದನ್ನ ನೆಲಸಮ ಮಾಡಿದ್ದು ನಾನೇ. ಅಡಿಕೆ ರೇಟು ಏರಿದ ವರ್ಷ, ಇನ್ನೂ 40 ಸಸಿ ಹಿಡಿಯುತ್ತೆ ಅಂತ ಹಿತ್ತಲು ಮಟ್ಟ ಮಾಡಿದೆ. ಅವ್ವ ಆವತ್ತು ಏನೂ ಅನ್ನಲಿಲ್ಲ. ಮರುದಿನ ಪೇಟೆಯಿಂದ ಬದನೆ ತಂದಾಗ "ಎಷ್ಟು ಕೊಟ್ಟೆ?" ಅಂತ ಮಾತ್ರ ಕೇಳಿದ್ಲು. ಈ ಮಾತು ಇಲ್ಲಿ ಬರೆಯೋದು ಬೇಡ ಅಂತ ಮಗಳು ಅಂದ್ಲು, ಇರಲಿ.

ಸಂಘದವರು ಕೇಳಿದ ಅಳತೆ ಬರೆದು ಮುಗಿಸ್ತೀನಿ. ಮಡಿಯ ಅಗಲ 4 ಅಡಿ ದಾಟೋದು ಬೇಡ, ಎರಡು ಕಡೆಯಿಂದ ಕೈ ನಡುವಿಗೆ ಸಿಗಬೇಕು, ಮಡಿ ತುಳೀಬಾರದು. ಕುಳ್ಳಗಿನ ಹೆಂಗಸರು ಮೂರೂವರೆ ಅಡಿ ಇಟ್ಕೊಳ್ಳಿ. ಉದ್ದ ನಿಮ್ಮ ಜಾಗ ನೋಡಿಕೊಂಡು. ಮಳೆಗಾಲಕ್ಕೆ ಎತ್ತರ ಒಂದು ಅಡಿ ಸಾಕು, ಮಳೆ ಬಿದ್ದು ಕೂತ ಮೇಲೆ ಮುಕ್ಕಾಲು ಅಡಿ ಉಳಿಯುತ್ತೆ. ಅದಕ್ಕೆ ಮಣ್ಣು ಹೊರಗಿಂದ ತರೋದೇ ಬೇಡ, ಪಕ್ಕದ ಒಂದೂವರೆ ಅಡಿ ಅಗಲದ ಕಾಲುವೆ ತೋಡಿದ್ದೇ ಸಿಗುತ್ತೆ, ಜೊತೆಗೆ ಗೊಬ್ಬರ, ಸೊಪ್ಪು. ಅಂಚನ್ನ ಗೋಡೆ ಹಾಗೆ ನೆಟ್ಟಗೆ ನಿಲ್ಲಿಸಬೇಡಿ, ಓರೆ ಬಿಡಿ, ಗುದ್ದಲಿ ಹಿಂಬದಿಯಿಂದ ತಟ್ಟಿ. ಕಾಲುವೆಗೆ ನೀರು ಹೋಗೋ ದಾರಿ ಮೊದಲು ನೋಡಿ, ಆಮೇಲೆ ಮಡಿ. ಬೇಸಿಗೆಗೆ ಅವ್ವ ಮಾಡಿದ ಹಾಗೆ ಇಳಿಸಿ. ಮಂಡಿ ನೋವಿನವರು, ಬಗ್ಗೋಕೆ ಆಗದವರು ಎತ್ತರದ ಕಟ್ಟು ಮಾಡಿಸಿದ್ರೆ ತಪ್ಪೇನಿಲ್ಲ, ಆದ್ರೆ ಒಂದೇ ಮಾಡಿಸಿ, ಮಧ್ಯಾಹ್ನದ ನಂತರ ನೆರಳು ಬೀಳೋ ಕಡೆ, ಬಾವಿ ಹತ್ತಿರ.

ನನ್ನ ನಾಲ್ಕರಲ್ಲಿ ಮೂರು ಕಟ್ಟು ಬಿಚ್ಚಿದ್ದೀನಿ. ನಾಲ್ಕನೇದು ಅವ್ವನಿಗೆ, ಕೂತು ಕೊತ್ತಂಬರಿ ಬಿತ್ತೋಕೆ. 216 ಬ್ಲಾಕ್ ಅಂಗಳದಲ್ಲಿ ಜೋಡಿಸಿಟ್ಟಿದ್ದೇನೆ, ಕೊಟ್ಟಿಗೆ ರಿಪೇರಿಗೆ ಬೇಕಾದವರು ಬಂದು ನೋಡಿ, ಅರ್ಧ ರೇಟಿಗೆ ಕೊಡ್ತೀನಿ. ಸಂಘದವರು ಸಾಲದ ವಿಚಾರ ಬುಧವಾರದ ಮೀಟಿಂಗಲ್ಲಿ ತೀರ್ಮಾನ ಮಾಡ್ತಾರಂತೆ. ಅದಕ್ಕೆ ಮುಂಚೆ ಹಿತ್ತಲಿಗೆ ಬಂದು ತಗ್ಗುಮಡಿ ನೋಡ್ಕೊಂಡು ಹೋಗಿ ಅಂದಿದ್ದೀನಿ. ಮಾರ್ಚ್ ತಿಂಗಳ ಆ ಒಣಗಿದ ಮಡಿಯ ಫೋಟೋ ಕೆಳಗೆ ಹಾಕಿದ್ದೀನಿ, ನೋಡಿ.